ಮಿದುಳಿನ ಬುಡದ ಕಡಲೆಕಾಳು: ಪಿಟ್ಯುಟರಿ ಗಡ್ಡೆಯ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಥೈರಾಯ್ಡ್ ಬಗ್ಗೆ ಬರೆಯುವಾಗ ಮಿದುಳಿನ ಬುಡದಲ್ಲಿದ್ದು ಹಲವು ಹಾರ್ಮೋನುಗಳನ್ನು ಸುರಿಸುವ ಪಿಟ್ಯುಟರಿ ಗ್ರಂಥಿಯ ಮಾತು ಒಂದೆರಡು ಸಾಲಿನಲ್ಲಿ ಬಂದಿತ್ತು. ಅದನ್ನು ಓದಿದ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು ಮತ್ತು ಗುರುತುಗಳನ್ನು ಬಿಟ್ಟಿದ್ದೇನೆ. ನಾನು ಬಳ್ಳಾರಿಯಲ್ಲಿ ರೋಗನಿದಾನಶಾಸ್ತ್ರ ಕಲಿಸುವವಳಾದ್ದರಿಂದ ನನ್ನ ಉತ್ತರಗಳಲ್ಲಿ ಸೂಕ್ಷ್ಮದರ್ಶಕದ ಮಾತು ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ. ಔಷಧದ ಪ್ರಮಾಣವನ್ನು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನೋಡುವ ವೈದ್ಯರೇ ನಿರ್ಧರಿಸಬೇಕು.

ಪ್ರಶ್ನೆ: ನನಗೆ 26 ವರ್ಷ, ಮದುವೆಯಾಗಿ ಮೂರು ವರ್ಷವಾಯಿತು, ಮಕ್ಕಳಾಗಿಲ್ಲ. ಎಂಟು ತಿಂಗಳಿಂದ ಮುಟ್ಟು ನಿಂತಿದೆ, ಎದೆಯಿಂದ ಹಾಲಿನಂಥ ದ್ರವ ಬರುತ್ತದೆ. ರಕ್ತದಲ್ಲಿ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) 168 ಇದೆ, ಎಂಆರ್‌ಐ ಸ್ಕ್ಯಾನಿಂಗ್‌ನಲ್ಲಿ 7 ಮಿಲಿಮೀಟರ್ ಗಡ್ಡೆ ಕಂಡಿದೆ. ಡಾಕ್ಟರು ವಾರಕ್ಕೆ ಎರಡು ಸಲ ನುಂಗುವ ಮಾತ್ರೆ ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ಅತ್ತೆಯವರು, ಅಣ್ಣಂದಿರು ಎಲ್ಲರೂ ‘ತಲೆಯೊಳಗಿನ ಗಡ್ಡೆ ಮಾತ್ರೆಯಿಂದ ಕರಗುತ್ತದೆಯೇ, ಇದು ಕ್ಯಾನ್ಸರ್ ಇರಬಹುದು’ ಎಂದು ಹೆದರಿದ್ದಾರೆ. — ಸಿರುಗುಪ್ಪ ತಾಲ್ಲೂಕು

ಉತ್ತರ: ಮೊದಲು ಹೆದರಿಕೆಯ ಮಾತನ್ನು ಮುಗಿಸೋಣ. ಪಿಟ್ಯುಟರಿಯ ಗಡ್ಡೆಗಳಲ್ಲಿ ಬಹುಪಾಲು ದೇಹದ ಬೇರೆ ಭಾಗಗಳಿಗೆ ಹರಡುವ ಕ್ಯಾನ್ಸರ್ ಅಲ್ಲ. ಹಾಗೆ ಹರಡುವಂಥದ್ದು ಅತಿ ವಿರಳ. ಈ ಗ್ರಂಥಿ ಮಿದುಳಿನ ಒಳಗೂ ಇಲ್ಲ. ಮೂಗಿನ ಹಿಂಭಾಗದ ಮೂಳೆಯಲ್ಲಿ ಕುದುರೆಯ ತಡಿಯಂತೆ ಬಾಗಿದ ಸಣ್ಣದೊಂದು ಗುಣಿಯಿದೆ, ಅದರಲ್ಲಿ ಕಡಲೆಕಾಳಿನಷ್ಟು ಗಾತ್ರದ, ಸುಮಾರು ಅರ್ಧ ಗ್ರಾಂ ತೂಕದ ಈ ಗ್ರಂಥಿ ಒಂದು ದಂಟಿನ ಮೂಲಕ ಮಿದುಳಿಗೆ ತೂಗುಹಾಕಿಕೊಂಡಿರುತ್ತದೆ. ಗಡ್ಡೆ 10 ಮಿಲಿಮೀಟರಿಗಿಂತ ಚಿಕ್ಕದಿದ್ದರೆ ಅದನ್ನು ಸಣ್ಣ ಗಡ್ಡೆಗಳ ಸಾಲಿಗೆ ಸೇರಿಸುತ್ತೇವೆ, ನಿಮ್ಮದು ಆ ಸಾಲಿನದು.

ಇನ್ನು ಮಾತ್ರೆಯ ವಿಷಯ. ಪಿಟ್ಯುಟರಿಯ ಉಳಿದ ಹಾರ್ಮೋನುಗಳು ಮುಖ್ಯವಾಗಿ ಮೇಲಿನಿಂದ, ಅಂದರೆ ಮಿದುಳಿನ ಹೈಪೊಥಲಾಮಸ್ ಭಾಗದಿಂದ, ‘ಸುರಿಸು’ ಎಂಬ ಸಂಕೇತ ಬಂದಾಗ ಸ್ರವಿಸುತ್ತವೆ. ಪ್ರೊಲ್ಯಾಕ್ಟಿನ್ ಮಾತ್ರ ಇದಕ್ಕೆ ವ್ಯತಿರಿಕ್ತ. ಅದನ್ನು ಮಾಡುವ ಕೋಶಗಳಿಗೆ ಡೋಪಮೈನ್ ಎಂಬ ರಾಸಾಯನಿಕ ಸದಾ ಮೂಗುದಾರ ಹಿಡಿದಿರುತ್ತದೆ, ದಾರ ಸಡಿಲವಾದ ಕೂಡಲೇ ಪ್ರೊಲ್ಯಾಕ್ಟಿನ್ ಏರುತ್ತದೆ. ನಿಮಗೆ ಕೊಟ್ಟಿರುವ ಮಾತ್ರೆ ಬಹುಶಃ ಕ್ಯಾಬರ್‌ಗೊಲಿನ್. ಅದು ಡೋಪಮೈನಿನಂತೆಯೇ ಕೋಶದ ಮೇಲೆ ಸಂಕೇತವನ್ನು ಬರಮಾಡಿಕೊಳ್ಳುವ ಡಿ2 ಎಂಬ ಗ್ರಾಹಿಯನ್ನು ಹಿಡಿಯುತ್ತದೆ. ಗಡ್ಡೆಯಾಗಿ ಬೆಳೆದ ಕೋಶಗಳಲ್ಲಿ ಬಹುತೇಕ ಈ ಗ್ರಾಹಿಯನ್ನು ಕಳೆದುಕೊಂಡಿರುವುದಿಲ್ಲ. ಶಿಸ್ತು ತಪ್ಪಿದ್ದರೂ ಅವಕ್ಕೆ ಕಿವಿ ಇನ್ನೂ ಇದೆ. ಮಾತ್ರೆಯ ಸಂಕೇತ ತಲುಪಿದಾಗ ಕೋಶದೊಳಗಿನ ಪ್ರೊಲ್ಯಾಕ್ಟಿನ್ ವಂಶವಾಹಿಯ (ಜೀನ್) ಅಭಿವ್ಯಕ್ತಿ, ಅಂದರೆ ಅದು ತೆರೆದುಕೊಂಡು ಕೆಲಸ ಮಾಡುವುದು, ಕುಗ್ಗುತ್ತದೆ, ಹಾರ್ಮೋನು ತಯಾರಿಸುವ ಸರಂಜಾಮು ಕೋಶದೊಳಗೆ ಕಡಿಮೆಯಾಗುತ್ತದೆ, ಕೋಶವೇ ಮುದುಡುತ್ತದೆ. ಮಾತ್ರೆ ತೆಗೆದುಕೊಂಡ ಮೇಲೆ ಕಾರಣಾಂತರದಿಂದ ಆಪರೇಷನ್ ಆದವರ ಗಡ್ಡೆಯನ್ನು ಸ್ಲೈಡಿನಲ್ಲಿ ನೋಡಿದರೆ ಈ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ. ಹೊಟ್ಟೆ ತುಂಬಿದಂತಿರಬೇಕಾದ ಕೋಶಗಳು ಬರೀ ಕಪ್ಪು ಬೀಜಗಳಂತೆ ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ, ನಡುನಡುವೆ ನಾರಿನ ಎಳೆಗಳು ಹಬ್ಬಿರುತ್ತವೆ. ನಿಮ್ಮಂಥ ಸಣ್ಣ ಗಡ್ಡೆಯಿರುವ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ಈ ಮಾತ್ರೆಯಿಂದಲೇ ಪ್ರೊಲ್ಯಾಕ್ಟಿನ್ ಸಹಜ ಮಟ್ಟಕ್ಕೆ ಬರುತ್ತದೆ.

ಎರಡು ವಿಷಯ ಗಮನದಲ್ಲಿರಲಿ. ಮಾತ್ರೆ ಶುರುವಾದ ಮೇಲೆ, ಮುಟ್ಟು ಕಾಣಿಸಿಕೊಳ್ಳುವ ಮುನ್ನವೇ ಗರ್ಭ ನಿಲ್ಲಬಹುದು. ಆದ್ದರಿಂದ ಮಗು ಬೇಕೆಂಬ ನಿಮ್ಮ ಆಸೆಯನ್ನು ಡಾಕ್ಟರಿಗೆ ಈಗಲೇ ಹೇಳಿ, ಗರ್ಭ ನಿಂತರೆ ಮಾತ್ರೆಯನ್ನು ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ಮತ್ತೊಂದು, ಹೊಟ್ಟೆಯುಬ್ಬರ, ಎದೆಯುರಿಗೆಂದು ಔಷಧದ ಅಂಗಡಿಯಿಂದ ತರುವ ಎಷ್ಟೋ ಮಾತ್ರೆಗಳಲ್ಲಿ ಡೊಂಪೆರಿಡೋನ್ ಸೇರಿರುತ್ತದೆ. ಅದು ಡೋಪಮೈನಿನ ಕೆಲಸಕ್ಕೆ ಅಡ್ಡ ಬಂದು, ಗಡ್ಡೆಯೇ ಇಲ್ಲದವರಲ್ಲೂ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಒಂದು ಕೈಯಲ್ಲಿ ಮೂಗುದಾರ ಎಳೆದು, ಇನ್ನೊಂದು ಕೈಯಲ್ಲಿ ಅದನ್ನೇ ಕತ್ತರಿಸಬಾರದು. ಮಾತ್ರೆಯನ್ನು ರಾತ್ರಿ ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ, ತಲೆಸುತ್ತು ಕಡಿಮೆ.

ಪ್ರಶ್ನೆ: ನಮ್ಮ ಅಣ್ಣನವರಿಗೆ 44 ವರ್ಷ. ಆರೇಳು ವರ್ಷಗಳಲ್ಲಿ ಚಪ್ಪಲಿಯ ನಂಬರು 8ರಿಂದ 10ಕ್ಕೆ ಹೋಯಿತು, ಮದುವೆಯ ಉಂಗುರವನ್ನು ಅಕ್ಕಸಾಲಿಗರಿಂದ ಕತ್ತರಿಸಿ ತೆಗೆಸಬೇಕಾಯಿತು. ಕೊನೆಗೆ ಪಿಟ್ಯುಟರಿ ಗಡ್ಡೆ ಎಂದು ಗೊತ್ತಾಗಿ ಹೈದರಾಬಾದಿನಲ್ಲಿ ಮೂಗಿನ ಮೂಲಕ ಆಪರೇಷನ್ ಮಾಡಿಸಿದೆವು. ಬಯಾಪ್ಸಿ ರಿಪೋರ್ಟಿನಲ್ಲಿ ‘ಪಿಟ್-1 ಪಾಸಿಟಿವ್, ಗ್ರೋತ್ ಹಾರ್ಮೋನ್ ಪಾಸಿಟಿವ್, ಡೆನ್ಸ್‌ಲಿ ಗ್ರಾನ್ಯುಲೇಟೆಡ್, ಕೆಐ-67 ಶೇ. 2’ ಎಂದು ಬರೆದಿದ್ದಾರೆ. ಅಲ್ಲಿನ ವೈದ್ಯರು ಇದು ವಂಶವಾಹಿಯ ದೋಷ ಎಂದರು. ಹಾಗಾದರೆ ನಮ್ಮ ಮಕ್ಕಳಿಗೂ ಬರುತ್ತದೆಯೇ? ಈ ಶಬ್ದಗಳ ಅರ್ಥವೇನು? — ಗಂಗಾವತಿ

ಉತ್ತರ: ನಿಮ್ಮ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕು, ಏಕೆಂದರೆ ರಿಪೋರ್ಟಿನ ಆ ಒಂದು ಸಾಲಿನಲ್ಲಿ ಐವತ್ತು ವರ್ಷಗಳ ದುಡಿಮೆ ಅಡಗಿದೆ.

ನಿಮ್ಮದು ಕಾಲುವೆಯ ಊರು, ಅದರಿಂದಲೇ ತೊಡಗುತ್ತೇನೆ. ನಮ್ಮ ಪ್ರತಿ ಜೀವಕೋಶದಲ್ಲೂ ಸುಮಾರು 20,000 ಪ್ರೋಟೀನುಗಳ ಸೂತ್ರವಿರುವ ವಂಶವಾಹಿಗಳ ಪೂರ್ಣ ಸಂಗ್ರಹವಿದೆ. ಆದರೆ ಎಲ್ಲ ತೂಬುಗಳನ್ನೂ ಒಟ್ಟಿಗೆ ತೆರೆದರೆ ಕಾಲುವೆ ನಡೆಯುವುದಿಲ್ಲ. ಯಾವ ಕೋಶದಲ್ಲಿ ಯಾವ ತೂಬು, ಯಾವಾಗ, ಎಷ್ಟು ತೆರೆಯಬೇಕು ಎಂಬುದಕ್ಕೆ ಲೆಕ್ಕವಿದೆ. ವಂಶವಾಹಿ ತೆರೆದುಕೊಂಡು ಅದರ ಸೂತ್ರದಂತೆ ಪ್ರೋಟೀನು ತಯಾರಾಗುವುದನ್ನೇ ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತೇವೆ. ಪಿಟ್-1 ಎಂಬುದು ತೂಬು ತೆರೆಯುವ ನೀರುಗಂಟಿ. ಬೆಳವಣಿಗೆಯ ಹಾರ್ಮೋನು, ಪ್ರೊಲ್ಯಾಕ್ಟಿನ್, ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಈ ಮೂರರ ವಂಶವಾಹಿಗಳು ಅದರ ಸುಪರ್ದಿಗೆ ಸೇರುತ್ತವೆ. ಟಿಪಿಟ್ ಎಂಬ ಇನ್ನೊಬ್ಬ ನೀರುಗಂಟಿ ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್ ಹಾರ್ಮೋನಿನ ಕಡೆ ನೋಡಿಕೊಂಡರೆ, ಎಸ್‌ಎಫ್-1 ಸಂತಾನಕ್ಕೆ ಸಂಬಂಧಿಸಿದ ಎಲ್‌ಎಚ್, ಎಫ್‌ಎಸ್‌ಎಚ್‌ಗಳ ಕಡೆ ನೋಡಿಕೊಳ್ಳುತ್ತದೆ. ಗಡ್ಡೆ ಯಾವ ಮನೆತನದ್ದು ಎಂದು ಈ ಮೂವರನ್ನು ಕೇಳಿಯೇ ನಿರ್ಧರಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರ ವರ್ಗೀಕರಣದಲ್ಲಿ ತಂದಿತು, 2022ರಲ್ಲಿ ಇನ್ನಷ್ಟು ಖಚಿತಪಡಿಸಿತು.

ಇದನ್ನು ನಾವು ನೋಡುವ ಬಗೆಯನ್ನೂ ಹೇಳುತ್ತೇನೆ. ಆಪರೇಷನ್ ಕೋಣೆಯಿಂದ ಬರುವ ಗಡ್ಡೆಯ ಚೂರು ಸಾಮಾನ್ಯವಾಗಿ ಬಹಳ ಮೃದು, ಬೂದುಮಿಶ್ರಿತ ಬಿಳಿ ಬಣ್ಣದ ಕೆನೆಯಂತೆ ಗಾಜಿಗೆ ಅಂಟಿಕೊಳ್ಳುತ್ತದೆ. ಅದನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಕತ್ತರಿಸಿ, ಬೆಳ್ಳಿಯ ಲವಣದಿಂದ ಬಣ್ಣ ಹಾಕುತ್ತೇವೆ. ಆರೋಗ್ಯವಂತ ಗ್ರಂಥಿಯಾದರೆ ಕಪ್ಪು ಎಳೆಗಳ ಸಣ್ಣ ಸಣ್ಣ ಜಾಲದ ಕಣ್ಣುಗಳಲ್ಲಿ ಕೋಶಗಳು ಗುಂಪುಗುಂಪಾಗಿ ಕೂತಿರುತ್ತವೆ, ಮತ್ತು ಒಂದೊಂದು ಗುಂಪಿನಲ್ಲೂ ಬೇರೆ ಬೇರೆ ಬಗೆಯವು ಬೆರೆತಿರುತ್ತವೆ. ಗಡ್ಡೆಯಲ್ಲಿ ಆ ಜಾಲ ಹರಿದು ಚಿಂದಿಯಾಗಿ, ಒಂದೇ ತರಹದ ಕೋಶಗಳು ಅಂಚಿನಿಂದ ಅಂಚಿಗೆ ಹಬ್ಬಿರುತ್ತವೆ. ಆಮೇಲೆ ಪಿಟ್-1ಕ್ಕೆ ಅಂಟುವ ಪ್ರತಿಕಾಯವನ್ನು ಹಾಕಿದಾಗ ಕೋಶದ ನಡುವಿನ ಬೀಜ ಕಂದು ಬಣ್ಣಕ್ಕೆ ತಿರುಗಿದರೆ ‘ಪಾಸಿಟಿವ್’ ಎಂದು ಬರೆಯುತ್ತೇವೆ. ಕೆಐ-67 ಎಂಬುದು ವಿಭಜನೆಯ ಹಾದಿಯಲ್ಲಿರುವ ಕೋಶಗಳನ್ನು ತೋರಿಸುತ್ತದೆ. ನಿಮ್ಮ ಅಣ್ಣನವರ ಗಡ್ಡೆಯಲ್ಲಿ ನೂರಕ್ಕೆ ಎರಡು ಕೋಶಗಳು ಮಾತ್ರ ಹಾಗಿದ್ದವು. ಶೇ. 3 ದಾಟಿದರೆ ಹೆಚ್ಚು ನಿಗಾ ಇಡುವ ರೂಢಿಯಿದೆ, ಇದು ಅದಕ್ಕಿಂತ ಕೆಳಗಿದೆ.

ಗಡ್ಡೆ ಹುಟ್ಟುವುದು ಹೇಗೆ ಎಂಬ ವಿಷಯದಲ್ಲಿ ಬಹಳ ಕಾಲ ಎರಡು ವಾದಗಳಿದ್ದವು. ಮೇಲಿನಿಂದ ಹೈಪೊಥಲಾಮಸ್ ವಿಪರೀತ ಪ್ರಚೋದಿಸುವುದರಿಂದ ಗ್ರಂಥಿ ಬೆಳೆಯುತ್ತದೆ ಎಂದು ಒಂದು ಪಕ್ಷ, ದೋಷ ಗ್ರಂಥಿಯ ಕೋಶದಲ್ಲೇ ಇದೆ ಎಂದು ಇನ್ನೊಂದು ಪಕ್ಷ. 1990ರ ಸುಮಾರಿಗೆ ಮಹಿಳೆಯರ ಗಡ್ಡೆಗಳಲ್ಲಿ ಎಕ್ಸ್ ವರ್ಣತಂತುವನ್ನು ಪರೀಕ್ಷಿಸಿದಾಗ, ಗಡ್ಡೆಯ ಅಷ್ಟೂ ಕೋಶಗಳು ಒಂದೇ ಮೂಲಕೋಶದ ಸಂತತಿ ಎಂದು ತಿಳಿಯಿತು. ಬರೀ ಮೇಲಿನ ಪ್ರಚೋದನೆಯಾಗಿದ್ದರೆ ಬಹಳಷ್ಟು ಕೋಶಗಳು ಒಟ್ಟಿಗೆ ಬೆಳೆಯಬೇಕಿತ್ತು. ಹಾಗಾಗಿ ಮೊದಲ ತಪ್ಪು ಒಂದು ಕೋಶದಲ್ಲಿ ಆಗುತ್ತದೆ ಎಂಬ ಮಾತು ಗಟ್ಟಿಯಾಯಿತು.

ಆ ಮೊದಲ ತಪ್ಪು ಏನೆಂಬುದು ನಿಮ್ಮ ಅಣ್ಣನವರದಂಥ ಗಡ್ಡೆಗಳಲ್ಲಿ ಚೆನ್ನಾಗಿ ಗೊತ್ತಿದೆ. ಬೆಳವಣಿಗೆಯ ಹಾರ್ಮೋನು ಸುರಿಸುವ ಗಡ್ಡೆಗಳಲ್ಲಿ ಸುಮಾರು ಶೇ. 40ರಷ್ಟರಲ್ಲಿ ಜಿಎನ್‌ಎಎಸ್ ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಈ ವಂಶವಾಹಿಯಿಂದ ತಯಾರಾಗುವ ಪ್ರೋಟೀನು ಹೊರಗಿನ ಸಂಕೇತ ಬಂದಾಗ ತೆರೆದು, ಕೆಲಸ ಮುಗಿದ ಕೂಡಲೇ ತಾನಾಗಿ ಮುಚ್ಚಿಕೊಳ್ಳಬೇಕು. ಅದರ 201ನೇ ಅಥವಾ 227ನೇ ಸ್ಥಾನದ ಅಮಿನೋ ಆಮ್ಲ ಬದಲಾದರೆ ಮುಚ್ಚಿಕೊಳ್ಳುವ ಶಕ್ತಿ ಹೋಗುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾದಾಗ ನಾವೆಲ್ಲ ನೋಡಿದ್ದೇವಲ್ಲ, ಯಾರೂ ಆದೇಶ ಕೊಡದಿದ್ದರೂ ನೀರು ಹಗಲುರಾತ್ರಿ ಹರಿಯಿತು, ಕೆಳಗಿಳಿಸಿ ಮುಚ್ಚಲು ಗೇಟೇ ಉಳಿದಿರಲಿಲ್ಲ. ಇಲ್ಲಿ ಆಗುವುದೂ ಅದೇ. ಮಿದುಳು ಸಾಕು ಎಂದರೂ ಕೋಶದೊಳಗೆ ಸಂಕೇತ ಹರಿಯುತ್ತಲೇ ಇರುತ್ತದೆ, ಹಾರ್ಮೋನೂ ಸುರಿಯುತ್ತದೆ, ಕೋಶವೂ ಹೆಚ್ಚುತ್ತದೆ. ‘ಡೆನ್ಸ್‌ಲಿ ಗ್ರಾನ್ಯುಲೇಟೆಡ್’, ಅಂದರೆ ಹಾರ್ಮೋನಿನ ಕಣಗಳು ಒತ್ತೊತ್ತಾಗಿ ತುಂಬಿರುವ ಗಡ್ಡೆಗಳಲ್ಲಿ ಈ ಬದಲಾವಣೆ ಹೆಚ್ಚಾಗಿ ಕಂಡುಬರುತ್ತದೆ.

ಎಲ್ಲ ಗಡ್ಡೆಗಳಲ್ಲೂ ಹೀಗೆ ಗೇಟು ಮುರಿದಿರುವುದಿಲ್ಲ. ಹಾರ್ಮೋನು ಸುರಿಸದ ಗಡ್ಡೆಗಳಲ್ಲಿ ಎಂಇಜಿ3 ಎಂಬ, ಕೋಶ ಹೆಚ್ಚದಂತೆ ತಡೆಯುವ ವಂಶವಾಹಿ ಮೌನವಾಗಿರುತ್ತದೆ. ಅದರಲ್ಲಿ ಒಂದು ಅಕ್ಷರವೂ ತಪ್ಪಿರುವುದಿಲ್ಲ, ಆದರೆ ಡಿಎನ್‌ಎಯ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಕೂತು ಅದು ತೆರೆಯದಂತಾಗಿರುತ್ತದೆ. ಇದು ತೂಬು ಸರಿಯಿದ್ದೂ ಹೂಳು ತುಂಬಿ ನೀರು ನಿಂತಂತೆ. ಪಿಟಿಟಿಜಿ ಎಂಬ ಇನ್ನೊಂದು ವಂಶವಾಹಿಯದು ಇದಕ್ಕೆ ವಿರುದ್ಧವಾದ ಕಥೆ. 1997ರಲ್ಲಿ ಇಲಿಯ ಪಿಟ್ಯುಟರಿ ಗಡ್ಡೆಯ ಕೋಶಗಳಲ್ಲಿ ಅದನ್ನು ಗುರುತಿಸಿದರು. ಕೋಶ ಎರಡಾಗುವಾಗ ವರ್ಣತಂತುಗಳು ಅಕಾಲದಲ್ಲಿ ಬೇರೆಯಾಗದಂತೆ ಹಿಡಿದಿಡುವುದು ಅದರ ಸಹಜ ಕೆಲಸ. ಬಹುಪಾಲು ಪಿಟ್ಯುಟರಿ ಗಡ್ಡೆಗಳಲ್ಲಿ ಅದರ ಅಭಿವ್ಯಕ್ತಿ ವಿಪರೀತವಾಗಿರುತ್ತದೆ, ಆಗ ವರ್ಣತಂತುಗಳ ಹಂಚಿಕೆ ಏರುಪೇರಾಗುತ್ತದೆ. ಅಷ್ಟೇ ಅಲ್ಲ, ಎಫ್‌ಜಿಎಫ್-2 ಎಂಬ ಬೆಳವಣಿಗೆ ಅಂಶವನ್ನೂ ಅದು ಹೆಚ್ಚಿಸುತ್ತದೆ.

ಬೆಳವಣಿಗೆ ಅಂಶವೆಂದರೆ ಒಂದು ಕೋಶ ತನ್ನ ನೆರೆಯ ಕೋಶಕ್ಕೆ, ಕೆಲವೊಮ್ಮೆ ತನಗೆ ತಾನೇ, ‘ಹೆಚ್ಚು’ ಎಂದು ಕಳಿಸುವ ಪ್ರೋಟೀನಿನ ಸಂದೇಶ. ಹಾರ್ಮೋನು ರಕ್ತದಲ್ಲಿ ಸೇರಿ ದೂರದ ಊರಿಗೆ ಹೋಗುವ ಅಂಚೆಯಾದರೆ, ಇದು ಓಣಿಯೊಳಗಿನ ಮಾತು. ಎಫ್‌ಜಿಎಫ್ ಮತ್ತು ಇಜಿಎಫ್ ಗುಂಪಿನವು ಕೋಶ ವಿಭಜನೆಗೆ ಒತ್ತಾಸೆ ಕೊಡುತ್ತವೆ, ವಿಇಜಿಎಫ್ ಹೊಸ ರಕ್ತನಾಳಗಳನ್ನು ಕರೆಯುತ್ತದೆ. ಇಲ್ಲಿ ನನಗೆ ಸದಾ ಕುತೂಹಲವೆನಿಸುವ ಒಂದು ಸಂಗತಿಯಿದೆ. ಬೇರೆ ಅಂಗಗಳಲ್ಲಿ ಗಡ್ಡೆ ಬೆಳೆದಂತೆ ರಕ್ತನಾಳ ದಟ್ಟವಾಗುತ್ತದೆ, ಪಿಟ್ಯುಟರಿ ಗಡ್ಡೆಗಳಲ್ಲಿ ಮಾತ್ರ ರಕ್ತನಾಳಗಳು ಆರೋಗ್ಯವಂತ ಗ್ರಂಥಿಯಲ್ಲಿರುವುದಕ್ಕಿಂತ ವಿರಳ. ಅವು ನಿಧಾನವಾಗಿ ಬೆಳೆಯುವುದಕ್ಕೂ ಇದಕ್ಕೂ ನಂಟಿದೆ ಎಂದೇ ನನ್ನ ಅಭಿಪ್ರಾಯ. ಇನ್ನೊಂದು ತಡೆಯೂ ಇದೆ: ಬೆಳವಣಿಗೆಯ ಹಾರ್ಮೋನಿನ ಗಡ್ಡೆಗಳಲ್ಲಿ ಪಿ21 ಎಂಬ ಪ್ರೋಟೀನು ಹೆಚ್ಚಾಗಿದ್ದು, ತಪ್ಪುದಾರಿ ಹಿಡಿದ ಕೋಶಗಳನ್ನು ಅಕಾಲ ಮುಪ್ಪಿಗೆ ದೂಡಿ ವಿಭಜನೆಯನ್ನೇ ನಿಲ್ಲಿಸುತ್ತದೆ. ಒಂದು ಕೋಶದ ವಂಶವಾಹಿಯಲ್ಲಿ ತಪ್ಪು ಮೊದಲಾಗುತ್ತದೆ, ಬೆಳವಣಿಗೆ ಅಂಶಗಳು ಅದಕ್ಕೆ ನೀರೆರೆಯುತ್ತವೆ, ದೇಹ ತನ್ನ ಕೈಲಾದ ಮಟ್ಟಿಗೆ ತಡೆಯುತ್ತದೆ.

ಈಗ ನಿಮ್ಮ ಮುಖ್ಯ ಆತಂಕಕ್ಕೆ ಬರುತ್ತೇನೆ. ಜಿಎನ್‌ಎಎಸ್ ಬದಲಾವಣೆ ಹುಟ್ಟಿದ ಮೇಲೆ, ಪಿಟ್ಯುಟರಿಯ ಒಂದು ಕೋಶದಲ್ಲಿ ಆದದ್ದು. ವೀರ್ಯ ಅಥವಾ ಅಂಡಾಣುವಿನಲ್ಲಿ ಅದು ಇರುವುದಿಲ್ಲ, ಆದ್ದರಿಂದ ಮಕ್ಕಳಿಗೆ ದಾಟುವುದಿಲ್ಲ. ‘ವಂಶವಾಹಿಯ ದೋಷ’ ಎಂದಾಗ ವಂಶದ ದೋಷ ಎಂದು ಕೇಳಿಸುವುದು ನಮ್ಮ ಭಾಷೆಯ ಈ ಶಬ್ದದ ತೊಡಕು. ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದೆ, ನಲವತ್ತರ ಆಸುಪಾಸಿನಲ್ಲಿ ಕಾಣಿಸಿಕೊಂಡ ಗಡ್ಡೆ ಆನುವಂಶಿಕವಾಗಿರುವುದು ಅಪರೂಪ.

ಆಪರೇಷನ್ ಆಗಿ ಸುಮಾರು 12 ವಾರಗಳ ನಂತರ ರಕ್ತದಲ್ಲಿ ಐಜಿಎಫ್-1 ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಬೆಳವಣಿಗೆಯ ಹಾರ್ಮೋನಿನ ಆಜ್ಞೆಯಂತೆ ಯಕೃತ್ತು ತಯಾರಿಸುವ ಬೆಳವಣಿಗೆ ಅಂಶ ಅದು, ಅಣ್ಣನವರ ಕೈಕಾಲು ದಪ್ಪವಾಗಿಸಿದ್ದೂ ಮುಖ್ಯವಾಗಿ ಅದೇ. ಬೆಳವಣಿಗೆಯ ಹಾರ್ಮೋನು ಗಳಿಗೆಗೊಮ್ಮೆ ಏರಿಳಿಯುತ್ತದೆ, ಐಜಿಎಫ್-1 ದಿನವಿಡೀ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ನಂಬಲರ್ಹ. ಅದು ಹೆಚ್ಚೇ ಉಳಿದಿದ್ದರೆ ತಿಂಗಳಿಗೊಮ್ಮೆ ಕೊಡುವ ಆಕ್ಟ್ರಿಯೊಟೈಡ್ ಅಥವಾ ಲ್ಯಾನ್ರಿಯೊಟೈಡ್ ಚುಚ್ಚುಮದ್ದು ಇದೆ. ಅದು ಸೊಮಾಟೊಸ್ಟಾಟಿನ್ ಎಂಬ ತಡೆಯುವ ಹಾರ್ಮೋನಿನ ನಕಲು, ಒತ್ತೊತ್ತಾದ ಕಣಗಳಿರುವ ಗಡ್ಡೆಗಳು ಅದಕ್ಕೆ ಚೆನ್ನಾಗಿ ಓಗೊಡುತ್ತವೆ. ರಿಪೋರ್ಟಿನ ಆ ಎರಡು ಶಬ್ದಗಳಿಗೆ ಇರುವ ಬೆಲೆ ಅದು. ರಿಪೋರ್ಟನ್ನು ಜೋಪಾನವಾಗಿಡಿ. ಸಕ್ಕರೆ, ರಕ್ತದೊತ್ತಡ, ಹೃದಯದ ಎಕೋ ಪರೀಕ್ಷೆ, ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂಬುದು, ಇವನ್ನೂ ನೋಡಿಸಬೇಕು.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿ. ಹಾಲಿನಲ್ಲಿ ಬೆಳವಣಿಗೆ ಅಂಶಗಳಿವೆ, ಅದರಿಂದ ಗಡ್ಡೆ ಬರುತ್ತದೆ ಎಂದು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಮನೆಯಲ್ಲಿ ಹಾಲು ಬಿಡಬೇಕೆ? — ರಾಯಚೂರು

ಉತ್ತರ: ಬಿಡಬೇಕಾಗಿಲ್ಲ. ಬೆಳವಣಿಗೆ ಅಂಶಗಳು ಪ್ರೋಟೀನುಗಳು, ಹೊಟ್ಟೆಗೆ ಹೋದ ಮೇಲೆ ಉಳಿದ ಪ್ರೋಟೀನುಗಳಂತೆ ಅವೂ ಜೀರ್ಣವಾಗುತ್ತವೆ. ಮೇಲಿನ ಉತ್ತರದಲ್ಲಿ ಹೇಳಿದ ಓಣಿಯ ಮಾತು ಪಿಟ್ಯುಟರಿಯೊಳಗಿನ ಕೋಶಗಳೇ ಆಡಿಕೊಳ್ಳುವಂಥದ್ದು, ಲೋಟದ ಹಾಲಿನಿಂದ ಅಲ್ಲಿಗೆ ಹೋಗುವಂಥದ್ದಲ್ಲ. ನಿಜವಾಗಿ ಅಂಜಬೇಕಾದದ್ದು ಜಿಮ್‌ಗಳಲ್ಲಿ ಮೈಕಟ್ಟು ಬೆಳೆಸಲೆಂದು ಗುಟ್ಟಾಗಿ ಕೊಡುವ ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದಿಗೆ. ಅದು ರಕ್ತಕ್ಕೆ ನೇರವಾಗಿ ಸೇರಿ ಐಜಿಎಫ್-1 ಏರಿಸುತ್ತದೆ, ಸಕ್ಕರೆ ಕಾಯಿಲೆಗೂ ದಾರಿ ಮಾಡಬಹುದು.

ಪ್ರಶ್ನೆ: ನನ್ನ ಹೆಂಡತಿಗೆ 38 ವರ್ಷ. ಎರಡು ವರ್ಷಗಳಿಂದ ಮುಖ ಉಬ್ಬಿ ದುಂಡಗಾಗಿದೆ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಅಗಲ ಗೆರೆಗಳು ಮೂಡಿವೆ, ಬಿಪಿ ಮತ್ತು ಸಕ್ಕರೆ ಎರಡೂ ಶುರುವಾಗಿವೆ. ಕೂತಲ್ಲಿಂದ ಏಳಲು ಕೈ ಊರಬೇಕು. ಒಬ್ಬ ಡಾಕ್ಟರು ಪಿಟ್ಯುಟರಿಯ ಕುಶಿಂಗ್ ಕಾಯಿಲೆ ಇರಬಹುದು ಎಂದಿದ್ದಾರೆ. — ಮಾನ್ವಿ ತಾಲ್ಲೂಕು

ಉತ್ತರ: ಪತ್ರದ ಕೊನೆಯಲ್ಲಿ ನೀವು ಸಣ್ಣದಾಗಿ ಬರೆದಿರುವ ಒಂದು ಸಾಲು ಇಡೀ ಪತ್ರಕ್ಕಿಂತ ಮುಖ್ಯ: ‘ಮೊಣಕಾಲು ನೋವಿಗೆ ಪೊಟ್ಟಣದಲ್ಲಿ ಕಟ್ಟಿಕೊಡುವ ಗುಳಿಗೆ ತೆಗೆದುಕೊಳ್ಳುತ್ತಾಳೆ.’ ಹೆಸರಿಲ್ಲದ ಇಂಥ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ನಮ್ಮ ಭಾಗದಲ್ಲಿ ಪದೇ ಪದೇ ಕಾಣುವ ಸಂಗತಿ. ನೀವು ಬರೆದ ಎಲ್ಲ ಲಕ್ಷಣಗಳನ್ನೂ ಅದೊಂದೇ ತರಬಲ್ಲದು, ಹೊರಗಿನ ಸ್ಟೀರಾಯ್ಡೇ ಈ ಲಕ್ಷಣಗಳಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ. ಪೊಟ್ಟಣವನ್ನು ಡಾಕ್ಟರಿಗೆ ತೋರಿಸಿ. ಆದರೆ ದಯವಿಟ್ಟು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೋಗಿದ್ದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ಮರೆತಿರುತ್ತದೆ, ತಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯ. ಹಂತಹಂತವಾಗಿ ಇಳಿಸಬೇಕು.

ಗುಳಿಗೆಯ ಕಾರಣವಲ್ಲ ಎಂದು ಖಚಿತವಾದ ಮೇಲೆಯೇ ಪಿಟ್ಯುಟರಿಯ ಮಾತು. ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ನುಂಗಿಸಿ ಮರುದಿನ ಬೆಳಿಗ್ಗೆ ರಕ್ತದಲ್ಲಿ ಕಾರ್ಟಿಸೋಲ್ (ಅಡ್ರಿನಲ್ ಗ್ರಂಥಿ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನು) ನೋಡುವುದು ಮೊದಲ ಪರೀಕ್ಷೆಗಳಲ್ಲಿ ಒಂದು. ಆರೋಗ್ಯವಂತರಲ್ಲಿ ಅದು ತೀರಾ ಇಳಿಯಬೇಕು. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1932ರಲ್ಲಿ ಈ ರೋಗವನ್ನು ಪಿಟ್ಯುಟರಿಯ ಸಣ್ಣ ಗಡ್ಡೆಗೆ ಜೋಡಿಸಿ ವಿವರಿಸಿದರು. ಗಡ್ಡೆ ಎಸಿಟಿಎಚ್ ಸುರಿಸುತ್ತದೆ, ಅದು ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸೋಲ್ ಹಿಂಡುತ್ತದೆ.

ಬೆಳವಣಿಗೆ ಅಂಶಗಳ ಪಾತ್ರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಈ ಗಡ್ಡೆಯಲ್ಲೇ, ಆದ್ದರಿಂದ ನಾಲ್ಕು ಮಾತು ಹೆಚ್ಚು ಬರೆಯುತ್ತೇನೆ. ಇಜಿಎಫ್ ಎಂಬ ಅಂಶದ ಸಂದೇಶವನ್ನು ಹಿಡಿಯಲು ಕೋಶದ ಮೈಮೇಲೆ ಒಂದು ಗ್ರಾಹಿ ಇರುತ್ತದೆ. ಸಂದೇಶ ಮುಟ್ಟಿದ ಮೇಲೆ ಕೋಶ ಆ ಗ್ರಾಹಿಯನ್ನು ಒಳಕ್ಕೆಳೆದುಕೊಂಡು, ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನನ್ನು ಗುಜರಿಯ ಚೀಟಿಯಂತೆ ಅಂಟಿಸಿ, ಒಡೆಯಲು ಕಳಿಸುತ್ತದೆ. ಯುಎಸ್‌ಪಿ8 ಎಂಬ ಕಿಣ್ವ ಆ ಚೀಟಿಯನ್ನು ಕೀಳಬಲ್ಲದು. ಸಹಜ ಸ್ಥಿತಿಯಲ್ಲಿ ಅದರ ಕೈಯನ್ನು ಇನ್ನೊಂದು ಪ್ರೋಟೀನು ಕಟ್ಟಿರುತ್ತದೆ. ಕುಶಿಂಗ್ ಗಡ್ಡೆಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟರಲ್ಲಿ ಸರಿಯಾಗಿ ಆ ಕಟ್ಟುವ ಜಾಗದಲ್ಲೇ ಯುಎಸ್‌ಪಿ8 ವಂಶವಾಹಿ ಬದಲಾಗಿರುತ್ತದೆ ಎಂದು 2015ರಲ್ಲಿ ತಿಳಿಯಿತು. ಕಟ್ಟು ಕಳಚಿದ ಕಿಣ್ವ ಚೀಟಿಗಳನ್ನು ಕಿತ್ತೆಸೆಯುತ್ತ ಹೋದಂತೆ, ಗುಜರಿಗೆ ಸೇರಬೇಕಿದ್ದ ಗ್ರಾಹಿಗಳು ಮತ್ತೆ ಕೋಶದ ಮೈಮೇಲೆ ಬಂದು ಕೂರುತ್ತವೆ, ಸಂದೇಶ ನಿಲ್ಲುವುದಿಲ್ಲ, ಎಸಿಟಿಎಚ್‌ನ ಮೂಲ ವಂಶವಾಹಿಯ ಅಭಿವ್ಯಕ್ತಿ ಏರುತ್ತದೆ. ಇಂಥ ಬದಲಾವಣೆಯಿರುವ ಗಡ್ಡೆಗಳು ಹೆಂಗಸರಲ್ಲೇ ಹೆಚ್ಚು. ಕುಶಿಂಗ್ ಗಡ್ಡೆಗೆ ಮೊದಲ ಚಿಕಿತ್ಸೆ ಆಪರೇಷನ್ನೇ, ಇದನ್ನು ಹೆಚ್ಚು ಮಾಡಿ ಅನುಭವವಿರುವ ಶಸ್ತ್ರವೈದ್ಯರ ಬಳಿಯೇ ಮಾಡಿಸಬೇಕು. ಅದಕ್ಕಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಾಗಿ ಬಂದರೂ ಹೋಗಿ. ಆದರೆ ಮತ್ತೆ ಹೇಳುತ್ತೇನೆ, ರೈಲು ಹತ್ತುವ ಮುಂಚೆ ಆ ಪೊಟ್ಟಣದ ಲೆಕ್ಕ ಮುಗಿಯಲಿ.

ಪ್ರಶ್ನೆ: ನನ್ನ ತಂಗಿಗೆ 19 ವರ್ಷ. ತಲೆನೋವಿಗೆಂದು ಎಂಆರ್‌ಐ ಮಾಡಿಸಿದಾಗ ಪಿಟ್ಯುಟರಿ ದಪ್ಪವಾಗಿದೆ, ಗಡ್ಡೆ ಇರಬಹುದು ಎಂದು ಬಂದಿದೆ. ಟಿಎಸ್‌ಎಚ್ 110 ಇದೆ. ಆಪರೇಷನ್ ದಿನ ಗೊತ್ತು ಮಾಡಿಕೊಳ್ಳಿ ಎನ್ನುತ್ತಿದ್ದಾರೆ. — ಸಂಡೂರು

ಉತ್ತರ: ದಿನ ಗೊತ್ತು ಮಾಡುವ ಮುನ್ನ ಹಾರ್ಮೋನು ತಜ್ಞರೊಬ್ಬರಿಗೆ ತೋರಿಸಿ. ಇಷ್ಟು ಟಿಎಸ್‌ಎಚ್ ಇದ್ದು, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಿದ್ದರೆ, ಥೈರಾಯ್ಡ್ ಸೋತುಹೋಗಿದೆ ಎಂದರ್ಥ. ಸೋತ ಥೈರಾಯ್ಡನ್ನು ಎಬ್ಬಿಸಲು ಪಿಟ್ಯುಟರಿ ತನ್ನ ಟಿಎಸ್‌ಎಚ್ ಕೋಶಗಳನ್ನು ಹೆಚ್ಚಿಸಿಕೊಳ್ಳುತ್ತ ಊದಿಕೊಳ್ಳುತ್ತದೆ, ಸ್ಕ್ಯಾನಿಂಗ್‌ನಲ್ಲಿ ಅದು ಗಡ್ಡೆಯಂತೆಯೇ ಕಾಣುತ್ತದೆ. ಇದು ವಂಶವಾಹಿ ಕೆಟ್ಟ ಗಡ್ಡೆಯಲ್ಲ, ಆದೇಶಕ್ಕೆ ತಕ್ಕಂತೆ ದುಡಿಯುತ್ತಿರುವ ಸಹಜ ಕೋಶಗಳ ಗುಂಪು. ಮೇಲೆ ಹೇಳಿದ ಬೆಳ್ಳಿಯ ಬಣ್ಣದಲ್ಲಿ ನೋಡಿದರೆ ಅದರ ಜಾಲ ಹಿಗ್ಗಿರುತ್ತದೆ, ಹರಿದಿರುವುದಿಲ್ಲ. ಅಂಥದ್ದೊಂದು ಸ್ಲೈಡು ನನ್ನ ಮೇಜಿಗೆ ಬಂದ ದಿನ ನನಗೆ ಬಹಳ ಸಂಕಟವಾಗಿತ್ತು. ಆ ಹುಡುಗಿಗೆ ಆಗಲೇ ಆಪರೇಷನ್ ಆಗಿಹೋಗಿತ್ತು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ಥೈರಾಕ್ಸಿನ್ ಮಾತ್ರೆಯಿಂದ ಇಳಿಯಬೇಕಾಗಿದ್ದ ಗ್ರಂಥಿಯನ್ನು ಕತ್ತರಿಸಿ ತೆಗೆದಿದ್ದರು. ನಿಮ್ಮ ತಂಗಿಗೆ ದೃಷ್ಟಿ ಮಂಜಾಗಿದ್ದರೆ, ಅದರಲ್ಲೂ ಎರಡೂ ಕಡೆಯ ಅಂಚು ಕಾಣದಂತಾಗಿದ್ದರೆ, ಮಾತ್ರ ಅವಸರವಿದೆ. ಇಲ್ಲವಾದರೆ ಥೈರಾಯ್ಡ್ ಚಿಕಿತ್ಸೆ ಕೊಟ್ಟು, ಕೆಲವು ತಿಂಗಳ ನಂತರ ಮತ್ತೆ ಎಂಆರ್‌ಐ ಮಾಡಿಸಿ ನೋಡುವುದು ಸರಿಯಾದ ಕ್ರಮ.

ಪ್ರಶ್ನೆ: ನಮ್ಮ ಯಜಮಾನರಿಗೆ 23ನೇ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನಿನ ಗಡ್ಡೆಗೆ ಆಪರೇಷನ್ ಆಗಿದೆ. ಈಗ ನಾದಿನಿಯ 17 ವರ್ಷದ ಮಗನಿಗೂ ಅದೇ ಎನ್ನುತ್ತಿದ್ದಾರೆ, ನಾದಿನಿಗೆ ಏನೂ ಇಲ್ಲ. ನಮ್ಮದು ಸೋದರ ಸಂಬಂಧದ ಮದುವೆ, ಅದರಿಂದ ಹೀಗಾಯಿತೇ? ನಮಗೆ 9 ವರ್ಷದ ಮಗ, 6 ವರ್ಷದ ಮಗಳು ಇದ್ದಾರೆ. — ಕುಷ್ಟಗಿ

ಉತ್ತರ: ಗಂಗಾವತಿಯವರಿಗೆ ಹೇಳಿದ್ದಕ್ಕಿಂತ ನಿಮ್ಮ ಮನೆಯ ಕಥೆ ಬೇರೆ. ಒಂದೇ ಮನೆತನದಲ್ಲಿ ಇಬ್ಬರಿಗೆ, ಅದೂ ಚಿಕ್ಕ ವಯಸ್ಸಿನಲ್ಲಿ ಬಂದಿದೆ ಎಂದಾಗ ಆನುವಂಶಿಕ ಕಾರಣವನ್ನು ಹುಡುಕಲೇಬೇಕು. ಪಿಟ್ಯುಟರಿ ಗಡ್ಡೆಗಳಲ್ಲಿ ಹೀಗೆ ಮನೆತನದಲ್ಲಿ ಬರುವವು ಶೇ. 5ರ ಆಸುಪಾಸು. ಅವುಗಳಲ್ಲಿ ಎಐಪಿ ಎಂಬ ವಂಶವಾಹಿಯ ದೋಷ ಮುಖ್ಯವಾದದ್ದು, ಅದನ್ನು 2006ರಲ್ಲಿ ಫಿನ್‌ಲ್ಯಾಂಡಿನ ಕುಟುಂಬಗಳಲ್ಲಿ ಗುರುತಿಸಿದರು. ಹದಿನೆಂಟನೇ ಶತಮಾನದಲ್ಲಿ ‘ಐರಿಷ್ ದೈತ್ಯ’ ಎಂದು ಹೆಸರಾದ ಚಾರ್ಲ್ಸ್ ಬರ್ನ್ ಅವರ ಅಸ್ಥಿಪಂಜರದ ಹಲ್ಲಿನಿಂದ ತೆಗೆದ ಡಿಎನ್‌ಎಯಲ್ಲಿ ಇದೇ ದೋಷವಿತ್ತೆಂದು 2011ರಲ್ಲಿ ಪ್ರಕಟವಾಯಿತು.

ಇದು ತಂದೆ ಅಥವಾ ತಾಯಿ ಒಬ್ಬರಿಂದಲೇ ದಾಟಬಲ್ಲದು, ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧ. ಆದರೆ ದೋಷ ಪಡೆದವರೆಲ್ಲರಿಗೂ ಗಡ್ಡೆ ಬರುವುದಿಲ್ಲ, ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ಬರುತ್ತದೆ. ನಿಮ್ಮ ನಾದಿನಿ ತಾವು ಆರೋಗ್ಯವಾಗಿದ್ದುಕೊಂಡೇ ಮಗನಿಗೆ ದಾಟಿಸಿರಬಹುದಾದದ್ದು ಹೀಗೆ. ಒಬ್ಬರಿಂದಲೇ ದಾಟುವುದರಿಂದ ಸೋದರ ಸಂಬಂಧದ ಮದುವೆ ಇದಕ್ಕೆ ಕಾರಣವಲ್ಲ. ಆ ಹೊರೆಯನ್ನು ನೀವು ಮನಸ್ಸಿನಿಂದ ಇಳಿಸಿಬಿಡಿ, ನಾದಿನಿಯವರ ಮೇಲೂ ಯಾರೂ ಹೊರಿಸದಿರಲಿ.

ಎಂಇಎನ್1 ಎಂಬ ಇನ್ನೊಂದು ವಂಶವಾಹಿಯ ದೋಷದಲ್ಲಿ ಪಿಟ್ಯುಟರಿಯ ಜೊತೆ ಪ್ಯಾರಾಥೈರಾಯ್ಡ್ (ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ ಗ್ರಂಥಿ, ಇದು ಕೆಟ್ಟರೆ ಮೂತ್ರಪಿಂಡದಲ್ಲಿ ಕಲ್ಲಾಗಬಹುದು) ಮತ್ತು ಮೇದೋಜೀರಕ ಗ್ರಂಥಿಗಳಲ್ಲೂ ಗಡ್ಡೆಗಳಾಗುತ್ತವೆ. ಮೂತ್ರಪಿಂಡದ ಕಲ್ಲು ನಮ್ಮ ಬಿಸಿಲ ನಾಡಿನಲ್ಲಿ ಸಾಮಾನ್ಯವಾದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮನೆತನದಲ್ಲಿ ಪಿಟ್ಯುಟರಿ ಗಡ್ಡೆಯೂ ಇದ್ದು, ಕಲ್ಲು ಮರಳಿ ಮರಳಿ ಬರುವವರೂ ಇದ್ದರೆ ರಕ್ತದ ಕ್ಯಾಲ್ಸಿಯಂ ನೋಡಿಸಬೇಕು. ಅದು ಅಗ್ಗದ ಪರೀಕ್ಷೆ, ನಿಮ್ಮ ಯಜಮಾನರಿಗೆ ಈ ವಾರವೇ ಮಾಡಿಸಿ.

ವಂಶವಾಹಿ ಪರೀಕ್ಷೆಯನ್ನು ಮಕ್ಕಳಿಂದ ಶುರು ಮಾಡಬೇಡಿ. ರೋಗ ಬಂದಿರುವ ನಿಮ್ಮ ಯಜಮಾನರ ಅಥವಾ ಆ ಹುಡುಗನ ರಕ್ತದಲ್ಲಿ ಮೊದಲು ಮಾಡಿಸಿ, ಅಲ್ಲಿ ದೋಷ ಸಿಕ್ಕರೆ ಮಾತ್ರ ಅದೇ ಒಂದು ದೋಷವನ್ನು ಮಕ್ಕಳಲ್ಲಿ ಹುಡುಕಿದರಾಯಿತು. ಖರ್ಚೂ ಕಡಿಮೆ, ಉತ್ತರವೂ ಖಚಿತ. ಎಐಪಿ ದೋಷವಿರುವ ಗಡ್ಡೆಗಳು ದೊಡ್ಡದಾಗಿ ಬೆಳೆಯುವುದು, ಆಕ್ಟ್ರಿಯೊಟೈಡ್‌ಗೆ ಅಷ್ಟಾಗಿ ಬಗ್ಗದಿರುವುದು ಹೆಚ್ಚು, ಆದ್ದರಿಂದ ಆ ಹುಡುಗನ ಚಿಕಿತ್ಸೆಗೂ ಈ ಉತ್ತರ ಬೇಕು.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಆರು ತಿಂಗಳಿಗೊಮ್ಮೆ ಮಕ್ಕಳನ್ನು ಬರಿಗಾಲಿನಲ್ಲಿ ಬಾಗಿಲ ಚೌಕಟ್ಟಿಗೆ ಬೆನ್ನು ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವನ್ನು ಸಮವಾಗಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಗೆರೆಗಳ ನಡುವಿನ ಅಂತರ ಅದಕ್ಕಿಂತ ಎದ್ದು ಕಾಣುವಂತೆ ಹಿಗ್ಗಿದರೆ, ಆ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮಕ್ಕಳ ವೈದ್ಯರ ಬಳಿ ಹೋಗಿ, ಐಜಿಎಫ್-1 ಪರೀಕ್ಷೆ ಬೇಕೇ ಎಂದು ಕೇಳಿ.